ಇಂಗ್ಲಿಷ್ ಪದಗಳ ನೆರೆಹೊರೆ ಎಣಿಸುವ ಪ್ರೋಗ್ರಾಂ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಒಂದು ವರದಿಯ ಕರಡಿನಲ್ಲಿ 'ಸ್ಟ್ರಾಂಗ್ ರೇನ್' ಅಂತ ಬರೆದಿದ್ದೆ. ಓದಿದ ಗೆಳೆಯ ಅದನ್ನು ಹೊಡೆದು 'ಹೆವಿ ರೇನ್' ಮಾಡಿದ. ಎರಡು ಸಾಲು ಕೆಳಗೆ 'ಹೆವಿ ವಿಂಡ್' ಇತ್ತು, ಅದನ್ನು ಹೊಡೆದು 'ಸ್ಟ್ರಾಂಗ್ ವಿಂಡ್' ಮಾಡಿದ. ಯಾಕಪ್ಪಾ ಅಂದರೆ, 'ಅದು ಹಾಗೇ ಬರೋದು' ಅಂದ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು, ಜಗಳವೂ ಜೋರು. ಇಂಗ್ಲಿಷಿಗೆ ಏನು ದಾಡಿ ಅನ್ನಿಸಿತು. ಹಾಗಂತ ಕನ್ನಡವೇನೂ ಸಾಚಾ ಅಲ್ಲ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಏಟು ತಿನ್ನುತ್ತೇವೆ, ಲಂಚ ತಿನ್ನುತ್ತೇವೆ, ಆಣೆ ಮಾತ್ರ ಇಡುತ್ತೇವೆ. ಹೊಸದಾಗಿ ಕನ್ನಡ ಕಲಿಯುವವರು ಕಾರಣ ಕೇಳಿದರೆ ನಾವೂ 'ಹಾಗೇ' ಅಂತ ಕೈ ಆಡಿಸಬೇಕಾಗುತ್ತದೆ.

ಈ 'ಹಾಗೇ' ಎನ್ನುವುದನ್ನು ಎಣಿಸಿ ನೋಡಬಹುದಲ್ಲ ಎಂದು ಹೊಳೆದದ್ದು ಆಗ. ಪದದ ಗುಣ ತಿಳಿಯಬೇಕಾದರೆ ಅದರ ಜೊತೆಗಾರರನ್ನು ನೋಡಬೇಕು ಎಂಬ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲೇ ಹೇಳಿದ್ದರು. ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಬೇಕಿದ್ದ ಸಾಧನ ಚಿಕ್ಕದು: ಒಂದು ಇಂಗ್ಲಿಷ್ ಪದ ಟೈಪ್ ಮಾಡಿದರೆ ಅದರ ಅಕ್ಕಪಕ್ಕ ಹೆಚ್ಚಾಗಿ ಯಾರು ಬರುತ್ತಾರೆ, ಪತ್ರಿಕೆಯಲ್ಲಿ ಯಾರು, ಕತೆಯಲ್ಲಿ ಯಾರು, ಸರ್ಕಾರಿ ಕಾಗದದಲ್ಲಿ ಯಾರು ಎಂದು ತೋರಿಸಬೇಕು. ಎರಡು ಸಂಜೆಯ ಕೆಲಸ ಅಂದುಕೊಂಡೆ. ಐದು ವಾರ ಹಿಡಿಯಿತು.

ಸಾಮಾನು

ಹಳೇ ಲ್ಯಾಪ್‌ಟಾಪ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಎನ್‌ಎಲ್‌ಟಿಕೆ ಎಂಬ ಉಚಿತ ಲೈಬ್ರರಿ, ಅದರ ಜೊತೆಗೇ ಸಿಗುವ ಬ್ರೌನ್ ಕಾರ್ಪಸ್ (ಕಾರ್ಪಸ್ ಅಂದರೆ ಭಾಷೆಯ ಅಧ್ಯಯನಕ್ಕೆಂದು ಕೂಡಿಟ್ಟ ಬರಹಗಳ ರಾಶಿ). ಇಷ್ಟೇ.

ಬ್ರೌನ್ ಕಾರ್ಪಸ್ ಬಗ್ಗೆ ಒಂದೆರಡು ಮಾತು ಬೇಕು, ಮುಂದಿನ ಎಡವಟ್ಟುಗಳೆಲ್ಲ ಅದರ ಸ್ವಭಾವಕ್ಕೆ ಅಂಟಿಕೊಂಡಿವೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ 1960ರ ದಶಕದಲ್ಲಿ ಕಟ್ಟಿದ್ದು. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ತೆಗೆದ 500 ತುಣುಕುಗಳು, ಒಂದೊಂದರಲ್ಲಿ ಸುಮಾರು 2,000 ಪದ. ಒಟ್ಟು ಹತ್ತು ಲಕ್ಷದ ಆಸುಪಾಸು. ತುಣುಕುಗಳನ್ನು 15 ವಿಭಾಗಗಳಾಗಿ ಹಂಚಿದ್ದಾರೆ: ಸುದ್ದಿಗೆ 44, ವಿದ್ವತ್ ಬರಹಕ್ಕೆ 80, ಪ್ರೇಮಕತೆಗೆ 29, ಸೈನ್ಸ್ ಫಿಕ್ಷನ್‌ಗೆ ಬರೀ 6, ಹೀಗೆ. ಪ್ರತಿ ಪದಕ್ಕೂ ಅದು ನಾಮಪದವೋ ಕ್ರಿಯಾಪದವೋ ಎಂಬ ಚೀಟಿ ಅಂಟಿಸಿದ್ದಾರೆ. ಆ ಚೀಟಿ ಮುಂದೆ ನನ್ನ ಮಾನ ಉಳಿಸಿತು.

ಅರವತ್ತು ವರ್ಷಕ್ಕೂ ಹಿಂದಿನ ಬರಹ ಎಂಬುದು ತಲೆಯಲ್ಲಿರಲಿ. ಅಲ್ಲಿ 'ಮೌಸ್' ಬಂದರೆ ಅದು ಬಾಲವಿರುವ ಇಲಿಯೇ.

ಮೊದಲ ಸಂಜೆ: ಎಣಿಕೆ ಬಲು ಸುಲಭ

ಎಲ್ಲ ಪದಗಳನ್ನೂ ಚಿಕ್ಕಕ್ಷರಕ್ಕೆ ಇಳಿಸಿ, ವಿರಾಮಚಿಹ್ನೆ ಕಿತ್ತುಹಾಕಿ, ಅಕ್ಕಪಕ್ಕದ ಎರಡೆರಡು ಪದಗಳನ್ನು ಜೋಡಿ ಮಾಡಿ ಎಣಿಸಿದೆ. ಪೈಥಾನಿನ 'ಕೌಂಟರ್' ಇರುವುದೇ ಇದಕ್ಕೆ, ಹತ್ತು ಸಾಲಿನಲ್ಲಿ ಕೆಲಸ ಮುಗಿಯಿತು. ಫಲಿತಾಂಶ: ಮೊದಲ ಸ್ಥಾನ 'ಆಫ್ ದ', ಎರಡನೆಯದು 'ಇನ್ ದ'. ಕೆಳಗೂ ಇದೇ ಮಂದಿ. 'ದ' ಒಂದೇ ಈ ಕಾರ್ಪಸ್‌ನಲ್ಲಿ 69,971 ಸಲ ಬರುತ್ತದೆ, ಅಂದರೆ ನೂರು ಪದಕ್ಕೆ ಏಳು. ಅದು ಎಲ್ಲರ ಪಕ್ಕದಲ್ಲೂ ಇರುತ್ತದೆ, ಹಾಗಾಗಿ ಯಾರ ಗೆಳೆಯನೂ ಅಲ್ಲ.

ಪಟ್ಟಿಯ ಕೆಳಭಾಗ ನೋಡುವಾಗ ಎರಡು ತಪ್ಪು ಕಣ್ಣಿಗೆ ಬಿದ್ದವು. ಒಂದು, ಪೂರ್ಣವಿರಾಮ ತೆಗೆದುಬಿಟ್ಟಿದ್ದರಿಂದ ಒಂದು ವಾಕ್ಯದ ಕೊನೆಯ ಪದ ಮುಂದಿನ ವಾಕ್ಯದ ಮೊದಲ ಪದದ ಜೊತೆ ಸಂಸಾರ ಹೂಡಿತ್ತು. ಎನ್‌ಎಲ್‌ಟಿಕೆ ವಾಕ್ಯಗಳನ್ನೂ ಬೇರೆಬೇರೆಯಾಗಿ ಕೊಡುತ್ತದೆ, ಒಟ್ಟು 57,340. ಒಂದೊಂದು ವಾಕ್ಯದೊಳಗೇ ಜೋಡಿ ಕಟ್ಟಿದಾಗ ಅದು ಸರಿಹೋಯಿತು.

ಎರಡನೆಯದು ಮೋಜಿನದು. 'ಐ ನೋ' ಎಂಬ ಜೋಡಿ ಇರಬೇಕಾದ್ದಕ್ಕಿಂತ ದಪ್ಪಗಿತ್ತು. ಅಮೆರಿಕದವರು 1961ರಲ್ಲಿ ಇಷ್ಟೊಂದು ತಿಳಿದವರಾಗಿದ್ದರೇ ಅಂತ ವಾಕ್ಯಗಳನ್ನು ತೆಗೆದು ನೋಡಿದರೆ, ಮೂಲದಲ್ಲಿದ್ದದ್ದು 'ಐ ಡೋಂಟ್ ನೋ'. ವಿರಾಮಚಿಹ್ನೆ ತೆಗೆಯಲು ನಾನು 'ಬರೀ ಅಕ್ಷರಗಳಿರುವ ಟೋಕನ್ ಮಾತ್ರ ಇಟ್ಟುಕೋ' ಅಂದಿದ್ದೆ (ಟೋಕನ್ ಅಂದರೆ ಎಣಿಕೆಗೆ ಸಿಗುವ ಒಂದು ಬಿಡಿ, ಪದವೋ ಚಿಹ್ನೆಯೋ). 'ಡೋಂಟ್'ನೊಳಗೆ ಒಂದು ಅಪಾಸ್ಟ್ರಫಿ ಇದೆಯಲ್ಲ, ಅದಕ್ಕೇ ಇಡೀ ಪದ ಕಸದ ಬುಟ್ಟಿಗೆ ಹೋಗಿತ್ತು. ಗೊತ್ತಿಲ್ಲ ಅಂದವರನ್ನೆಲ್ಲ ಗೊತ್ತು ಅನ್ನಿಸಿಬಿಟ್ಟಿದ್ದೆ! ಹೈಫನ್ ಇರುವ ಪದಗಳದ್ದೂ ಅದೇ ಗತಿ. 'ಒಂದಾದರೂ ಅಕ್ಷರ ಇದ್ದರೆ ಇಟ್ಟುಕೋ' ಎಂದು ಬದಲಿಸಿದೆ.

ಜರಡಿ ಹಿಡಿದೆ, ಕಾಳೂ ಹೋಯಿತು

'ದ', 'ಆಫ್' ಕಾಟಕ್ಕೆ ಎಲ್ಲರೂ ಹೇಳುವ ಮದ್ದು, ಎಣಿಕೆಯಿಂದ ಬಿಡಬೇಕಾದ ಅತಿ ಸಾಮಾನ್ಯ ಪದಗಳ ಸ್ಟಾಪ್‌ವರ್ಡ್ ಪಟ್ಟಿ. ಎನ್‌ಎಲ್‌ಟಿಕೆಯಲ್ಲಿ ತಯಾರಾಗಿಯೇ ಇದೆ. ಹಾಕಿದೆ. ಪಟ್ಟಿ ತಕ್ಷಣ ಚೆಂದವಾಯಿತು: 'ಯುನೈಟೆಡ್ ಸ್ಟೇಟ್ಸ್', 'ನ್ಯೂಯಾರ್ಕ್', 'ಪರ್ ಸೆಂಟ್' (ಆಗ ಅದನ್ನು ಎರಡು ಪದವಾಗಿ ಬಿಡಿಸಿ ಬರೆಯುತ್ತಿದ್ದರು), 'ಇಯರ್ಸ್ ಅಗೋ'. ಖುಷಿಯಿಂದ ನನ್ನ ಹಳೇ ತಲೆನೋವು, 'ಮೇಕ್' ಮತ್ತು 'ಡೂ' ಜೋಡಿಯನ್ನು ಕೇಳಿದೆ. ನಮ್ಮ ಒಂದೇ 'ಮಾಡು' ಅವರಲ್ಲಿ ಎರಡಾಗಿ ಸೀಳಿದೆ. ತಪ್ಪು 'ಮೇಕ್' ಆಗುತ್ತದೆ, ಹೋಂವರ್ಕ್ 'ಡೂ' ಆಗುತ್ತದೆ. ನಿರ್ಧಾರ 'ಮೇಕ್', ಉಪಕಾರ 'ಡೂ'. 'ಮೇಕ್' ಚೆನ್ನಾಗಿಯೇ ಉತ್ತರ ಕೊಟ್ಟಿತು. 'ಡೂ' ಒತ್ತಿದರೆ ಖಾಲಿ ಪರದೆ.

'ಡೂ', 'ಡಿಡ್', 'ಹ್ಯಾವ್', 'ನಾಟ್' ಎಲ್ಲವೂ ಆ ಸ್ಟಾಪ್‌ವರ್ಡ್ ಪಟ್ಟಿಯಲ್ಲೇ ಇದ್ದವು. ಜೊತೆಗೆ 'ಅಪ್', 'ಆನ್', 'ಇನ್', 'ಔಟ್', 'ಅಬೌಟ್' ಸಹ. ಅಂದರೆ 'ಗಿವ್ ಅಪ್' ಇಲ್ಲ, 'ಡಿಪೆಂಡ್ ಆನ್' ಇಲ್ಲ, 'ಸೆಟ್ ಇನ್' ಇಲ್ಲ. ಇಂಗ್ಲಿಷನ್ನು ಕಲಿತು ಬರೆಯುವ ನನ್ನಂಥವರು ಎಡವುವುದೇ ಈ ಸಣ್ಣ ಪದಗಳಲ್ಲಿ. 'ಡಿಸ್ಕಸ್ ಅಬೌಟ್' ಎಂದು ಬರೆದು ಬೈಸಿಕೊಂಡವನಿಗೆ 'ಅಬೌಟ್' ಇಲ್ಲದ ಸಾಧನದಿಂದ ಏನು ಉಪಯೋಗ? ಬರಹಗಳ ವಿಷಯವೇನೆಂದು ವಿಂಗಡಿಸುವವರಿಗೆ ಸ್ಟಾಪ್‌ವರ್ಡ್ ಪಟ್ಟಿ ಸರಿ. ಪದಗಳ ಸಹವಾಸ ನೋಡುವವನು ಅದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಪಟ್ಟಿ ಕಿತ್ತೆಸೆದು, ಗದ್ದಲ ಅಡಗಿಸಲು ಬೇರೆ ದಾರಿ ಹುಡುಕಿದೆ.

ಅಂಕ ಕೊಡುವುದು

ಬರೀ ಎಣಿಕೆ ಸಾಲದು. 'ಆಕಸ್ಮಿಕವಾಗಿ ಎಷ್ಟು ಸಲ ಸೇರುತ್ತಿದ್ದವು, ನಿಜಕ್ಕೂ ಎಷ್ಟು ಸಲ ಸೇರಿವೆ' ಎಂದು ಹೋಲಿಸಬೇಕು. ಲೆಕ್ಕ ಸರಳ. ಹತ್ತು ಲಕ್ಷ ಪದಗಳಿವೆ ಅನ್ನಿ. ಒಂದು ಪದ 1,000 ಸಲ, ಇನ್ನೊಂದು 500 ಸಲ ಬಂದಿದೆ. ಯಾವ ನಂಟೂ ಇಲ್ಲದೆ ಅವು ಅಕ್ಕಪಕ್ಕ ಬೀಳುವ ನಿರೀಕ್ಷೆ 1,000 × 500 ÷ 10,00,000, ಅಂದರೆ ಅರ್ಧ ಸಲ. ನಿಜವಾಗಿ 40 ಸಲ ಬಂದಿದ್ದರೆ ನಿರೀಕ್ಷೆಯ 80 ಪಟ್ಟು. ಈ 80ಕ್ಕೆ 2ರ ಆಧಾರದಲ್ಲಿ ಲಾಗರಿದಮ್ ತೆಗೆದರೆ 6.32. ಇದಕ್ಕೆ ಪಿಎಂಐ (ಪಾಯಿಂಟ್‌ವೈಸ್ ಮ್ಯೂಚುವಲ್ ಇನ್ಫರ್ಮೇಶನ್) ಎನ್ನುತ್ತಾರೆ. ಕೆನ್ನೆತ್ ಚರ್ಚ್ ಮತ್ತು ಪ್ಯಾಟ್ರಿಕ್ ಹ್ಯಾಂಕ್ಸ್ 1990ರ ಪ್ರಬಂಧದಲ್ಲಿ ನಿಘಂಟು ಕೆಲಸಕ್ಕೆ ಇದನ್ನು ಬಳಸಿ ತೋರಿಸಿದ ಮೇಲೆ ಬಹಳ ಮಂದಿ ಹಿಡಿದುಕೊಂಡರು.

ಬರೆದು ಓಡಿಸಿದೆ. ಪಟ್ಟಿಯ ತುದಿಯಲ್ಲಿ ನಾನು ಕಂಡುಕೇಳರಿಯದ ಹೆಸರುಗಳು, ಒಂದೇ ಒಂದು ಸಲ ಬಂದ ವಿದೇಶಿ ಪದಗಳು. ವಿಚಿತ್ರವೆಂದರೆ ಪುಟಗಟ್ಟಲೆ ಎಲ್ಲಕ್ಕೂ ಒಂದೇ ಅಂಕ: 20.15. ಇದೇನು ಗ್ರಹಚಾರ ಅಂತ 2ನ್ನು 20.15ರ ಘಾತಕ್ಕೆ ಏರಿಸಿ ನೋಡಿದೆ. 11.6 ಲಕ್ಷದ ಸುಮಾರು ಬಂತು. ಬ್ರೌನ್ ಕಾರ್ಪಸ್‌ನ ಒಟ್ಟು ಟೋಕನ್ ಸಂಖ್ಯೆ, ವಿರಾಮಚಿಹ್ನೆ ಸೇರಿಸಿ, 11,61,192. ಒಂದೇ ಕಲ್ಲಿಗೆ ಎರಡು ಹಣ್ಣು ಬಿದ್ದವು. ಚಿಹ್ನೆಗಳನ್ನು ತೆಗೆದ ಮೇಲೂ ಒಟ್ಟು ಸಂಖ್ಯೆಯನ್ನು ಹಳೆಯದನ್ನೇ ಬಳಸುತ್ತಿದ್ದೇನೆ ಎಂಬುದು ಒಂದು. ಅದು ಎಲ್ಲ ಅಂಕಗಳನ್ನೂ ಸಮನಾಗಿ ಎತ್ತುತ್ತದೆ, ಸರದಿ ಬದಲಾಗದು. ಆದರೂ ತಪ್ಪು ತಪ್ಪೇ. ಇನ್ನೊಂದು ಮುಖ್ಯವಾದದ್ದು: ಎರಡು ಪದಗಳು ಇಡೀ ಕಾರ್ಪಸ್‌ನಲ್ಲಿ ಒಂದೊಂದೇ ಸಲ, ಅದೂ ಅಕ್ಕಪಕ್ಕ ಬಂದರೆ ಪಿಎಂಐ ಅವಕ್ಕೆ ಗರಿಷ್ಠ ಅಂಕ ಕೊಟ್ಟುಬಿಡುತ್ತದೆ. ಬಸ್ಸಿನಲ್ಲಿ ಒಮ್ಮೆ ಪಕ್ಕಪಕ್ಕ ಕೂತವರನ್ನು ಜನ್ಮದ ಜೋಡಿ ಅಂದ ಹಾಗೆ.

ಬ್ರೌನ್‌ನಲ್ಲಿರುವ ಭಿನ್ನ ಪದಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಒಂದೇ ಸಲ ಬಂದವು. ಯಾವ ಭಾಷೆಯ ಯಾವ ಪಠ್ಯ ತೆಗೆದರೂ ಹೆಚ್ಚುಕಡಿಮೆ ಹೀಗೇ. ಕೆಲವೇ ಪದಗಳು ದುಡಿಯುತ್ತವೆ, ಉಳಿದವು ಮುಖ ತೋರಿಸಿ ಹೋಗುತ್ತವೆ. ಹಾಗಾಗಿ 5 ಸಲಕ್ಕಿಂತ ಕಡಿಮೆ ಬಂದ ಜೋಡಿಗಳನ್ನು ಬಿಟ್ಟೆ. ಪಟ್ಟಿ ಸುಧಾರಿಸಿತು, ಆದರೆ ಈ 5 ನನ್ನ ಕೈಯಿಂದ ಹಾಕಿದ ಗೆರೆ, ಅದು ಕಡೆಯವರೆಗೂ ಕಾಡಿತು.

ಮುಂದಿನ ಹೆಜ್ಜೆ ಲಾಗ್ ಲೈಕ್ಲಿಹುಡ್. ವಿರಳ ಪದಗಳ ಈ ತೊಂದರೆಗೇ ಟೆಡ್ ಡನ್ನಿಂಗ್ 1993ರಲ್ಲಿ ಸೂಚಿಸಿದ ಅಳತೆ. ನಾಲ್ಕು ಮನೆಯ ಚೌಕ ಬೇಕು: ಎರಡೂ ಪದ ಸೇರಿದ್ದು, ಮೊದಲನೆಯದು ಮಾತ್ರ, ಎರಡನೆಯದು ಮಾತ್ರ, ಎರಡೂ ಇಲ್ಲದ್ದು. ಮೇಲಿನ ಉದಾಹರಣೆಗೇ ತುಂಬಿಸಿದರೆ 40, 960, 460, ಕೊನೆಯ ಮನೆಗೆ 9,98,540. ನನ್ನ ಪ್ರೋಗ್ರಾಂ ಕೊನೆಯ ಮನೆಗೆ 9,98,500 ಹಾಕುತ್ತಿತ್ತು. ನಾಲ್ಕನ್ನೂ ಕೂಡಿದರೆ ಹತ್ತು ಲಕ್ಷಕ್ಕೆ ಸರಿಯಾಗಿ 40 ಕಡಿಮೆ. 1,000ವನ್ನೂ 500ನ್ನೂ ಕಳೆಯುವಾಗ ಸೇರಿ ಬಂದ 40ನ್ನು ಎರಡು ಸಲ ಕಳೆದಿದ್ದೆ, ಒಮ್ಮೆ ಮರಳಿ ಕೂಡಬೇಕಿತ್ತು. ಕೊರತೆ ಜೋಡಿಯ ಎಣಿಕೆಯಷ್ಟೇ ಇದ್ದದ್ದರಿಂದ ಕಳ್ಳ ಬೇಗ ಸಿಕ್ಕ. ಅಂದಿನಿಂದ ನಾಲ್ಕು ಮನೆಯ ಮೊತ್ತ ಸರಿಯಿಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುವಂತೆ ಒಂದು ಸಾಲು ಸೇರಿಸಿದ್ದೇನೆ.

ಸೊನ್ನೆ ಇರುವ ಮನೆ ಬಂದಾಗ ಲಾಗರಿದಮ್ ತೆಗೆಯಲು ಹೋಗಿ ಪೈಥಾನ್ ಕೂಗಿಕೊಂಡಿತು. ಆ ಮನೆಯ ಪಾಲು ಸೊನ್ನೆ ಎಂದು ದಾಟಿಸಿದರೆ ಮುಗಿಯಿತು. ಇನ್ನೊಂದು ಗುಣ ಗಮನಿಸಿ: ಈ ಅಳತೆ ಒಲವಿಗೂ ಹಗೆತನಕ್ಕೂ ಒಂದೇ ರೀತಿ ದೊಡ್ಡ ಅಂಕ ಕೊಡುತ್ತದೆ. 'ಆಂಡ್', 'ಆಫ್', 'ಟು' ಥರದ ಪದಗಳು ಒಂದರ ಬೆನ್ನಿಗೊಂದು ಬರುವುದು ನಿರೀಕ್ಷೆಗಿಂತ ತೀರಾ ಕಡಿಮೆ, ಅದಕ್ಕೇ ಅವು ಪಟ್ಟಿಯ ಮೇಲೆ ಹತ್ತಿ ಕೂತಿದ್ದವು. ನಿಜದ ಎಣಿಕೆ ನಿರೀಕ್ಷೆಗಿಂತ ಹೆಚ್ಚಿದ್ದರೆ ಮಾತ್ರ ತೋರಿಸು ಎಂದು ಕಟ್ಟಿದೆ.

ಎರಡೂ ಅಳತೆಗಳ ಬುದ್ಧಿ ಎಷ್ಟು ಬೇರೆ ಎಂದು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ. ಹತ್ತು ಲಕ್ಷದಲ್ಲಿ ಒಂದೇ ಸಲ ಸೇರಿದ ಆ ಬಸ್ಸಿನ ಜೋಡಿಗೆ ಪಿಎಂಐ 19.93, ನಮ್ಮ 40 ಸಲದ ಜೋಡಿಗೆ 6.32. ಲಾಗ್ ಲೈಕ್ಲಿಹುಡ್‌ನಲ್ಲಿ ಬಸ್ಸಿನ ಜೋಡಿಗೆ 29.6, ನಮ್ಮದಕ್ಕೆ 276. ಪಟ್ಟಿ ತಲೆಕೆಳಗಾಯಿತು. ಸರದಿಗೆ ಎರಡನೆಯದನ್ನು ಇಟ್ಟುಕೊಂಡು, ಪಿಎಂಐಯನ್ನು ಪಕ್ಕದ ಕಾಲಂನಲ್ಲಿ ಕೂರಿಸಿದೆ.

ನಾಲ್ಕು ಪದ ಆಚೆ, ನಾಲ್ಕು ಪದ ಈಚೆ

ಪಕ್ಕದ ಪದ ಮಾತ್ರ ನೋಡಿದರೆ 'ಮೇಡ್ ಎ ಮಿಸ್ಟೇಕ್' ಸಿಗುವುದಿಲ್ಲ, ನಡುವೆ 'ಎ' ಕೂತಿದೆ. 'ಮೇಡ್ ಎ ಸೀರಿಯಸ್ ಮಿಸ್ಟೇಕ್' ಅಂದರೆ ಇನ್ನೂ ದೂರ. ಬ್ರಿಟಿಷ್ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ಮತ್ತವರ ಜೊತೆಗಾರರು ಎರಡೂ ಬದಿ ನಾಲ್ಕು ಪದದ ಅಗಲ ಸಾಕು ಎಂದು ಬಹಳ ಹಿಂದೆಯೇ ನೋಡಿದ್ದರು. ನಾನೂ ನಾಲ್ಕಕ್ಕೇ ನಿಂತೆ. ಈಗ ಒಂದು ಪದಕ್ಕೆ ಎಂಟು ಜಾಗ, ಹಾಗಾಗಿ ನಿರೀಕ್ಷೆಯ ಲೆಕ್ಕವನ್ನೂ ಎಂಟರಿಂದ ಗುಣಿಸಬೇಕು. ವಾಕ್ಯದ ಅಂಚಿನಲ್ಲಿ ಎಂಟೂ ಜಾಗ ಸಿಗುವುದಿಲ್ಲ, ಆದರೆ ಆ ವ್ಯತ್ಯಾಸವನ್ನು ನಾನು ನುಂಗಿಕೊಂಡಿದ್ದೇನೆ.

ಇಲ್ಲಿ ಬಿದ್ದ ಏಟು ಮಾತ್ರ ಮೂರು ಸಂಜೆ ತಿಂದಿತು. 'ಮೇಡ್'ನ ನೆರೆಯವರಲ್ಲಿ 'ಮಿಸ್ಟೇಕ್' ಎಷ್ಟು ಸಲ ಇದೆಯೋ, 'ಮಿಸ್ಟೇಕ್'ನ ನೆರೆಯವರಲ್ಲಿ 'ಮೇಡ್' ಅಷ್ಟೇ ಸಲ ಇರಬೇಕು. ನಾನು ನಿನ್ನ ಪಕ್ಕದ ಮನೆಯವನಾದರೆ ನೀನೂ ನನ್ನ ಪಕ್ಕದ ಮನೆಯವನೇ. ನನ್ನ ಎರಡು ಎಣಿಕೆಗಳು ಹೊಂದಲೇ ಇಲ್ಲ. ಪ್ರೋಗ್ರಾಂ ನಿಲ್ಲುವುದಿಲ್ಲ, ದೂರು ಹೇಳುವುದಿಲ್ಲ, ಸುಮ್ಮನೆ ಕಡಿಮೆ ಎಣಿಸುತ್ತದೆ.

ಕೊನೆಗೆ ನಾಲ್ಕೇ ಪದದ ವಾಕ್ಯ ಕೊಟ್ಟು ನೋಡಿದೆ: 'ಶಿ ಮೇಡ್ ಎ ಮಿಸ್ಟೇಕ್'. ಪೈಥಾನ್ ಸೊನ್ನೆಯಿಂದ ಎಣಿಸುವುದರಿಂದ 'ಮೇಡ್' ಸ್ಥಾನ 1, 'ಮಿಸ್ಟೇಕ್' ಸ್ಥಾನ 3. 'ಮೇಡ್'ನ ಬಲಕ್ಕೆ 'ಎ', 'ಮಿಸ್ಟೇಕ್' ಸರಿಯಾಗಿ ಬಂದವು. 'ಮಿಸ್ಟೇಕ್'ನ ಎಡಕ್ಕೆ ಏನೂ ಇಲ್ಲ. ಎಡದ ನಾಲ್ಕು ಪದ ಬೇಕೆಂದು ನಾನು '3ರಿಂದ 4 ಕಳೆದ ಸ್ಥಾನದಿಂದ 3ರವರೆಗೆ ಕತ್ತರಿಸು' ಅಂದಿದ್ದೆ. 3ರಲ್ಲಿ 4 ಹೋದರೆ ಋಣ 1. ಪೈಥಾನ್‌ಗೆ ಋಣ 1 ಅಂದರೆ ಕೊನೆಯಿಂದ ಮೊದಲನೆಯದು, ಅಂದರೆ ಸ್ಥಾನ 3. ಮೂರರಿಂದ ಮೂರರವರೆಗೆ ಕತ್ತರಿಸಿದರೆ ಸಿಗುವುದು ಗಾಳಿ. ಹೀಗೆ ಪ್ರತಿ ವಾಕ್ಯದಲ್ಲೂ ಎರಡನೇ, ಮೂರನೇ, ನಾಲ್ಕನೇ ಪದಗಳ ಎಡ ನೆರೆಯವರು ಮಾಯವಾಗುತ್ತಿದ್ದರು. 57 ಸಾವಿರ ವಾಕ್ಯಗಳಲ್ಲಿ! 'ಕಳೆದು ಬಂದದ್ದು ಸೊನ್ನೆಗಿಂತ ಕೆಳಗಿದ್ದರೆ ಸೊನ್ನೆಯನ್ನೇ ತೆಗೆದುಕೋ' ಎಂಬ ಒಂದು ಪದದ ರಿಪೇರಿ. ಆ ನಾಲ್ಕು ಪದದ ವಾಕ್ಯ ಈಗ ನನ್ನ ಖಾಯಂ ಪರೀಕ್ಷೆ. ಏನೇ ಬದಲಿಸಿದರೂ ಮೊದಲು ಆಕೆ ತಪ್ಪು ಮಾಡಿದಳೋ ಇಲ್ಲವೋ ನೋಡುತ್ತೇನೆ.

ನಡುವೆ ಒಂದು ಅಡ್ಡದಾರಿ ಹಿಡಿದೆ: 'ಮೇಕ್', 'ಮೇಡ್', 'ಮೇಕಿಂಗ್' ಎಲ್ಲವನ್ನೂ ಒಂದೇ ಮೂಲರೂಪಕ್ಕೆ ತಂದರೆ ಎಣಿಕೆ ದಪ್ಪವಾಗುತ್ತದಲ್ಲ ಅಂತ. ಪದದ ಬಾಲ ಕತ್ತರಿಸುವ, 1980ರ ಪೋರ್ಟರ್ ಸ್ಟೆಮರ್ 'ಯೂನಿವರ್ಸಿಟಿ'ಯನ್ನೂ 'ಯೂನಿವರ್ಸ್'ಅನ್ನೂ ಒಂದೇ ಮೊಂಡು ತುಂಡಾಗಿ ಕತ್ತರಿಸಿತು. ಲೆಮಟೈಸರ್‌ಗೆ (ಇದು ಪದದ ನಿಘಂಟಿನ ರೂಪ ಹುಡುಕಿಕೊಡುತ್ತದೆ) ಪದದ ಜಾತಿ ಹೇಳದೆ ಕೊಟ್ಟರೆ ಅದು ಎಲ್ಲವನ್ನೂ ನಾಮಪದ ಅಂದುಕೊಂಡು, 'ವಾಸ್' ಎಂಬುದರ ಕೊನೆಯ ಎಸ್ ಅನ್ನು ಬಹುವಚನ ಎಂದು ಬಗೆದು ಕಿತ್ತುಹಾಕಿತು. ಬಿಟ್ಟುಬಿಟ್ಟೆ. ಹೇಗೂ 'ಮೇಡ್ ಆಫ್' ಎಂಬಲ್ಲಿನ 'ಮೇಡ್'ಗೂ 'ಮೇಕ್ ಶುರ್'ನ 'ಮೇಕ್'ಗೂ ಸಹವಾಸ ಬೇರೆ. ರೂಪಗಳನ್ನು ಬೇರೆಬೇರೆಯಾಗಿಯೇ ತೋರಿಸುತ್ತೇನೆ.

ವಿಭಾಗವಾರು ನೋಟ

ಇಡೀ ಕೆಲಸದಲ್ಲಿ ನನಗೆ ಅತಿ ರುಚಿಸಿದ್ದು ಇದು. ಪರೀಕ್ಷೆಗೆ ಸಹಾಯಕ ಕ್ರಿಯಾಪದಗಳನ್ನು ತೆಗೆದುಕೊಂಡೆ. ಅವು ಎಲ್ಲೆಡೆ ಹೇರಳ, ವಿರಳತೆಯ ಕಾಟವಿಲ್ಲ. ಸುದ್ದಿಯಲ್ಲಿ 'ವಿಲ್' 389 ಸಲ, 'ಕ್ಯಾನ್' 93 ಸಲ. ಹವ್ಯಾಸ ಮತ್ತು ಕೈಕೆಲಸದ ವಿಭಾಗದಲ್ಲಿ 'ಕ್ಯಾನ್' 268, 'ವಿಲ್' 264. ಪ್ರೇಮಕತೆಗಳಲ್ಲಿ 'ಕುಡ್' 193, 'ವಿಲ್' ಬರೀ 43. ಸುದ್ದಿಯವರಿಗೆ ನಾಳೆ ಏನಾಗುತ್ತದೆ ಎಂಬ ಆತುರ. ಕೈಕೆಲಸ ಕಲಿಸುವವರು ಹೀಗೂ ಮಾಡಬಹುದು, ಹಾಗೂ ಮಾಡಬಹುದು ಎನ್ನುತ್ತಾರೆ. ಪ್ರೇಮಿಗಳು ಏನಾಗಬಹುದಿತ್ತು ಎಂದು ಹಲುಬುತ್ತಾರೆ. ಈ ಕೊನೆಯ ಸಾಲನ್ನು ಬರೆದು ನಾನೇ ಮೆಚ್ಚಿಕೊಂಡಿದ್ದೆ. ಆಮೇಲೆ 'ಕುಡ್' ಇರುವ ವಾಕ್ಯಗಳನ್ನು ಓದಿದರೆ ಹಲುಬುವಿಕೆ ಕಡಿಮೆ. ಕತೆಯನ್ನು ಭೂತಕಾಲದಲ್ಲಿ ಹೇಳುವಾಗ 'ಕ್ಯಾನ್' ತಾನಾಗಿ 'ಕುಡ್' ಆಗಿದೆ, ಅಷ್ಟೆ. 'ಅವಳಿಗೆ ಕಾಣಿಸುತ್ತಿತ್ತು', 'ಅವನಿಗೆ ಕೇಳಿಸುತ್ತಿತ್ತು' ಎಂಬಂಥ ಸಾದಾ ವಾಕ್ಯಗಳು.

ಸೈನ್ಸ್ ಫಿಕ್ಷನ್‌ನಲ್ಲಿ 'ಕುಡ್' 49 ಮಾತ್ರ. ಪ್ರೇಮಕತೆಯ 193ರ ಮುಂದೆ ಏನೂ ಇಲ್ಲ ಎಂದು ಬರೆದಿಟ್ಟುಕೊಂಡೆ. ಮರುದಿನ ವಿಭಾಗಗಳ ಗಾತ್ರ ನೋಡಿದೆ. ವಿರಾಮಚಿಹ್ನೆ ಸೇರಿ ಪ್ರೇಮಕತೆಯದು 70,022 ಟೋಕನ್, ಸೈನ್ಸ್ ಫಿಕ್ಷನ್‌ನದು 14,470. ಹತ್ತು ಸಾವಿರಕ್ಕೆ ಇಳಿಸಿದರೆ ಪ್ರೇಮಕತೆಯಲ್ಲಿ 27.6, ಸೈನ್ಸ್ ಫಿಕ್ಷನ್‌ನಲ್ಲಿ 33.9. ಉಲ್ಟಾ! ಎಲ್ಲ ಕಾಲಂಗಳನ್ನೂ ಹತ್ತು ಸಾವಿರದ ಲೆಕ್ಕಕ್ಕೆ ಬದಲಿಸಿದೆ. ಆದರೂ ಆ 33.9ನ್ನು ನಾನು ಪೂರ್ತಿ ನಂಬುವುದಿಲ್ಲ. ಆರೇ ತುಣುಕು, ಒಬ್ಬಿಬ್ಬರು ಲೇಖಕರ ಚಾಳಿ ಇಡೀ ವಿಭಾಗದ ಗುಣವಾಗಿ ಕಂಡುಬಿಡಬಹುದು. ಅದಕ್ಕೇ ಪ್ರತಿ ಅಂಕದ ಪಕ್ಕ 'ಎಷ್ಟು ತುಣುಕುಗಳಿಂದ ಬಂತು' ಎಂಬ ಸಂಖ್ಯೆಯನ್ನೂ ಹಾಕಿದ್ದೇನೆ. ಒಂದೇ ತುಣುಕಿನಿಂದ ಬಂದ ಜೋಡಿ ಮಂಕಾಗಿ ಕಾಣುತ್ತದೆ.

ಹೀಗೆ ಮಂಕಾಗುತ್ತದೆಂದು ನಾನು ಕಾದಿದ್ದ ಜೋಡಿ 'ರೋಡ್ ಐಲೆಂಡ್'. ಅಮೆರಿಕದ ಪುಟ್ಟ ರಾಜ್ಯವೊಂದು ಈ ಕಾರ್ಪಸ್‌ನಲ್ಲಿ ಇಷ್ಟು ಮೇಲೆ ಯಾಕಿದೆ ಅಂತ ತಲೆ ಕೆರೆದುಕೊಂಡೆ. ಬ್ರೌನ್ ವಿಶ್ವವಿದ್ಯಾಲಯ ಇರುವುದೇ ಆ ರಾಜ್ಯದಲ್ಲಿ. ಒಂದಕ್ಕಿಂತ ಹೆಚ್ಚು ತುಣುಕುಗಳಲ್ಲಿ ಇರುವುದರಿಂದ ಅದು ಮಂಕಾಗಲೂ ಇಲ್ಲ. ಕೈಗೆ ಹತ್ತಿರವಿದ್ದ ಕಾಗದ ಕಾರ್ಪಸ್‌ಗೆ ಬೇಗ ಸೇರುತ್ತದೆ, ಯಾರು ಕಟ್ಟಿದರೂ.

ಇನ್ನು 'ಮೇ' ಕತೆ. ಮೇಲೆ ಕೊಟ್ಟ ಎಣಿಕೆಗಳು ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಇಟ್ಟಾಗಿನವು. ಎಲ್ಲವನ್ನೂ ಚಿಕ್ಕಕ್ಷರಕ್ಕೆ ಇಳಿಸಿದಾಗ ಸುದ್ದಿ ವಿಭಾಗದಲ್ಲಿ 'ಕ್ಯಾನ್' 93ರಿಂದ 94 ಆಯಿತು, 'ಕುಡ್' 86ರಿಂದ 87, 'ಮಸ್ಟ್' 50ರಿಂದ 53, 'ವಿಲ್' ಅಲುಗಲೇ ಇಲ್ಲ. ವಾಕ್ಯದ ಆರಂಭದಲ್ಲಿ ಬಂದವು ಸೇರಿಕೊಂಡವು, ಸರಿ. ಆದರೆ 'ಮೇ' 66ರಿಂದ 93ಕ್ಕೆ ನೆಗೆಯಿತು. ಒಮ್ಮೆಗೇ 27! ಪತ್ರಿಕೆಯವರಿಗೆ ಏಕಾಏಕಿ ಅನುಮಾನ ಹೆಚ್ಚಿತೇ? ಇಲ್ಲ, ಕ್ಯಾಲೆಂಡರ್ ಬಂದು ಸೇರಿಕೊಂಡಿತ್ತು. ಸುದ್ದಿಯಲ್ಲಿ ತಾರೀಖು ಜಾಸ್ತಿ, ಮೇ ತಿಂಗಳೂ ಅದರಲ್ಲೊಂದು. ನೆರೆಯವರ ಪಟ್ಟಿಯಲ್ಲೂ 'ಮೇ ಬಿ', 'ಮೇ ಹ್ಯಾವ್' ನಡುವೆ ಬೇರೆ ತಿಂಗಳ ಹೆಸರುಗಳು ಇಣುಕುತ್ತಿದ್ದವು. ಮೊದಲೇ ಹೇಳಿದ ಚೀಟಿಗಳು ಇಲ್ಲಿ ಕೆಲಸಕ್ಕೆ ಬಂದವು. ಸಹಾಯಕ ಕ್ರಿಯಾಪದದ ಚೀಟಿ ಇರುವ 'ಮೇ' ಒಂದು ಪದ, ಹೆಸರಿನ ಚೀಟಿ ಇರುವ 'ಮೇ' ಇನ್ನೊಂದು ಪದ ಎಂದು ಎಣಿಸಿದೆ. 'ಕ್ಯಾನ್' ಎಂಬ ಡಬ್ಬಿಯೂ 'ವಿಲ್' ಎಂಬ ಉಯಿಲೂ ಹಾಗೇ ಬೇರೆಯಾದವು.

ಪರದೆಯ ಮೇಲೆ

ಅಂಕ ನೋಡಿ ನಂಬಬಾರದು, ವಾಕ್ಯ ಓದಬೇಕು ಎಂದು 'ಕುಡ್' ಕಲಿಸಿತ್ತು. ಹುಡುಕಿದ ಪದ ನಡುವಿನ ಕಂಬದಂತೆ ಒಂದರ ಕೆಳಗೊಂದು ನಿಂತು, ಎಡಬಲಕ್ಕೆ ಅದರ ಸಂದರ್ಭ ಚಾಚಿರುವ ನೋಟ ಹಾಕಿದೆ. ಇದಕ್ಕೆ ಕ್ವಿಕ್ ('ಕೀ ವರ್ಡ್ ಇನ್ ಕಾಂಟೆಕ್ಸ್ಟ್') ಎಂಬ ಹ್ರಸ್ವನಾಮ ಇದೆ, ಐಬಿಎಂನ ಹಾನ್ಸ್ ಪೀಟರ್ ಲೂನ್ 1950ರ ದಶಕದ ಕೊನೆಯಲ್ಲಿ ಪ್ರಬಂಧಗಳ ಸೂಚಿಗೆಂದು ಬಳಕೆಗೆ ತಂದದ್ದು. ಕಂಬವನ್ನು ಕಣ್ಣಲ್ಲೇ ಇಳಿದು ನೋಡಿದರೆ ಅಂಕ ಹೇಳದ್ದೂ ಕಾಣುತ್ತದೆ. 'ಸೆಟ್ ಇನ್' (ಬಂದು ನೆಲೆಯೂರು) ಮಾಡುವುದು ಹೆಚ್ಚಾಗಿ ಕೊಳೆತ, ಹತಾಶೆಯಂಥ ಬೇಡದ ಸಂಗತಿಗಳೇ ಎಂದು ಸಿಂಕ್ಲೇರ್ ಗಮನಿಸಿದ್ದು ಹೀಗೆ ಸಾಲುಗಳನ್ನು ಓದುತ್ತಲೇ. 'ಕಾಸ್' (ಉಂಟುಮಾಡು) ಎಂಬ ಕ್ರಿಯಾಪದವೂ ಅದೇ ಜಾಯಮಾನದ್ದು, ಅದರ ಬಲಕ್ಕೆ ಬಂದು ಕೂರುವವರು ಹೆಚ್ಚಾಗಿ ತೊಂದರೆ, ಹಾನಿ, ಸಾವು. ಇಂಗ್ಲಿಷಿನಲ್ಲಿ ಸಂತೋಷವನ್ನು 'ಕಾಸ್' ಮಾಡಿದರೆ ವ್ಯಾಕರಣ ತಪ್ಪಾಗದು, ಓದುವವರ ಹುಬ್ಬು ಮಾತ್ರ ಏರುತ್ತದೆ. ಕನ್ನಡದಲ್ಲಿ ರೋಗ ವಕ್ಕರಿಸುತ್ತದೆ, ಅದೃಷ್ಟ ಒಲಿಯುತ್ತದೆ. ಅದಲುಬದಲು ಮಾಡಿ ನೋಡಿ.

ಕಂಬ ನೇರ ನಿಲ್ಲಿಸುವುದರಲ್ಲೂ ಒಂದು ಪೇಚಾಟ. ಪ್ರತಿ ಸಾಲಿನ ಮೊದಲಿಗೆ ವಿಭಾಗದ ಹೆಸರನ್ನು ಕನ್ನಡದಲ್ಲಿ ಹಾಕಿದ್ದೆ. ಕಂಬ ಹಾವಿನಂತೆ ನುಲಿಯಿತು. ಪೈಥಾನ್‌ಗೆ 'ಪತ್ರಿಕೆ' ಎಷ್ಟು ಉದ್ದ ಅಂತ ಕೇಳಿದರೆ 7 ಅನ್ನುತ್ತದೆ: ಪ, ತ, ವಿರಾಮ, ರ, ಇಕಾರ, ಕ, ಎಕಾರ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಅಗಲ ಹೊಂದಿಸುವ ಲೆಕ್ಕ ಅಲ್ಲೇ ಕೆಟ್ಟಿತು. ಒಂದು ಸಂಜೆ ಅದಕ್ಕೆ ಗುದ್ದಾಡಿ, ಕೊನೆಗೆ ಕನ್ನಡದ ಹೆಸರನ್ನು ಸಾಲಿನ ತುದಿಗೆ ಒಯ್ದು ಹಾಕಿದೆ. ಅಲ್ಲಿ ಎಷ್ಟು ಉದ್ದವಿದ್ದರೂ ಯಾರಿಗೂ ತಾಗುವುದಿಲ್ಲ. ಇದು ರಿಪೇರಿ ಅಲ್ಲ, ಜಾಗ ಬದಲಾವಣೆ. ಗೊತ್ತು.

ಎಲ್ಲ ಮುಗಿಯಿತು ಅಂತ ಗೆಳೆಯನನ್ನು ಕರೆದು ಕೂರಿಸಿ, ಜಗಳ ಶುರುವಾದ 'ರೇನ್' ಪದವನ್ನೇ ವಿಭಾಗವಾರು ನೋಟದಲ್ಲಿ ಒತ್ತಿದೆ. ಖಾಲಿ. ಒಂದೊಂದು ವಿಭಾಗದೊಳಗೆ 'ಹೆವಿ ರೇನ್' ನನ್ನ 5ರ ಗೆರೆ ದಾಟುವಷ್ಟು ಸಲ ಬಂದೇ ಇಲ್ಲ. ಹತ್ತು ಲಕ್ಷ ಪದ ಅಂದರೆ ಕೇಳಲು ದೊಡ್ಡದು, 15 ಪಾಲಾದ ಮೇಲೆ ಮಳೆಗೆ ಉಳಿಯುವುದು ಒಂದೆರಡು ಹನಿ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಹತ್ತು ಕೋಟಿ ಪದದ್ದು, ಅದರಲ್ಲಿ ನೂರಕ್ಕೆ ಹತ್ತು ಪಾಲು ಆಡುಮಾತು ಎಂದೆಲ್ಲ ನಾನು ಸಮಜಾಯಿಷಿ ಕೊಡುತ್ತಿದ್ದರೆ ಅವನು ನಗುತ್ತಾ ಕೂತಿದ್ದ. 'ನಾನು ಅವತ್ತು ಒಂದು ನಿಮಿಷದಲ್ಲಿ ಹೇಳಿದ್ದೆನಲ್ಲೋ' ಅಂದ.

ಆ ರಾತ್ರಿ ಮಾಡಿದ ಬದಲಾವಣೆ ಇಷ್ಟು: ಎಣಿಕೆ 5ಕ್ಕಿಂತ ಕಡಿಮೆ ಇದ್ದರೆ ಅಂಕ ಕೊಡಬೇಡ, ಜೋಡಿಯನ್ನು ಮುಚ್ಚಿಡಲೂ ಬೇಡ, ಸಿಕ್ಕ ಸಾಲುಗಳನ್ನು ಹಾಗೇ ತೋರಿಸು. ಈಗ 'ರೇನ್' ಒತ್ತಿದರೆ ಅಂಕದ ಜಾಗದಲ್ಲಿ ಒಂದು ಗೆರೆ, ಕೆಳಗೆ ಒಂದಷ್ಟು ವಾಕ್ಯಗಳು.